ಬೋಳು ಆಕಾಶದಿಂದ ಕೂಡಿಬರದ ತೋಳಿನವರೆಗೆ

2024ರ ಮಾರ್ಚ್ 10 ಬ್ರಿಟನ್ನಿನಲ್ಲಿ ಅಮ್ಮಂದಿರ ಭಾನುವಾರ. ಅಂದು ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯ ಕಚೇರಿ ವೇಲ್ಸ್ ರಾಜಕುಮಾರಿ ಕೇಟ್ ಮತ್ತು ಅವರ ಮೂವರು ಮಕ್ಕಳ ಫೋಟೋ ಒಂದನ್ನು ಬಿಡುಗಡೆ ಮಾಡಿತು. ರಾತ್ರಿಯಾಗುವಷ್ಟರಲ್ಲಿ ಎಪಿ, ರಾಯಿಟರ್ಸ್, ಎಎಫ್‌ಪಿ, ಗೆಟ್ಟಿ ಸಂಸ್ಥೆಗಳು ಒಂದರ ಹಿಂದೊಂದರಂತೆ ಆ ಚಿತ್ರವನ್ನು ಹಿಂದಕ್ಕೆ ಪಡೆದವು. ಮಗಳ ಸ್ವೆಟರಿನ ತೋಳಂಚು ಮಣಿಕಟ್ಟಿನ ಹತ್ತಿರ ಕೂಡಿಬಂದಿರಲಿಲ್ಲ, ಅಮ್ಮನ ಜಾಕೆಟ್ಟಿನ ಜಿಪ್ ಒಂದೆಡೆ ಜಾರಿದಂತಿತ್ತು. ಫೋಟೋಶಾಪ್‌ನಲ್ಲಿ ಎರಡು ಸಲ ಸೇವ್ ಮಾಡಿದ್ದರ ಗುರುತು ಫೈಲಿನೊಳಗೇ ಇತ್ತು. ಮರುದಿನ ಕೇಟ್ ಕ್ಷಮೆ ಕೇಳಿದರು. ಎಷ್ಟೋ ಹವ್ಯಾಸಿಗಳ ಹಾಗೆ ತಾವೂ ಆಗಾಗ ಎಡಿಟಿಂಗ್ ಮಾಡಿ ನೋಡುವುದುಂಟು ಎಂದು ಹೇಳಿಕೊಂಡರು.

ಎಡಿಟಿಂಗ್ ಕಲಿಯಲು ಕೂತವರಿಗೆಲ್ಲ ಇದು ಪರಿಚಯದ ಪೇಚು. ಅಂಚು ಕೂಡಿಸುವುದು ಮೊದಲ ವಾರದ ಪಾಠ, ಕೂಡಿಬರದಿರುವುದು ಮೊದಲ ತಿಂಗಳ ತಪ್ಪು. ನೂರೈವತ್ತು ವರ್ಷದ ಹಿಂದಿನ ಹೊಸಬ ಇಂಥ ತಪ್ಪಿಗೆ ಒಂದು ಗಾಜಿನ ತಟ್ಟೆ ಕಳೆದುಕೊಂಡು ಸುಮ್ಮನಾಗುತ್ತಿದ್ದ. ಇಲ್ಲಿ ಕಳೆದದ್ದು ನೋಡುವವರ ನಂಬಿಕೆ. ಲಂಡನ್ನಿನಲ್ಲಿ ಚಿತ್ರ ತಿದ್ದುವ ವಿದ್ಯೆ ನಡೆದುಬಂದ ದಾರಿಯುದ್ದಕ್ಕೂ ಕಾಣುವುದು ಇದೇ ಲೆಕ್ಕ: ಕಲಿಯುವವರಿಗೆ ತಪ್ಪು ಅಗ್ಗವಾಗುತ್ತ ಬಂದಿದೆ, ನೋಡುವವರಿಗೆ ದುಬಾರಿಯಾಗುತ್ತ ಬಂದಿದೆ.

ಮೋಡ ಬರೆದ ಕ್ಯಾಪ್ಟನ್

1839ರ ಜನವರಿ 25ರ ಸಂಜೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕಲ್ ಫ್ಯಾರಡೆ, ಹೆನ್ರಿ ಫಾಕ್ಸ್ ಟಾಲ್ಬಾಟ್ ಕಾಗದದ ಮೇಲೆ ಮೂಡಿಸಿದ್ದ ಚಿತ್ರಗಳನ್ನು ನೆರೆದವರಿಗೆ ತೋರಿಸಿದ. ಟಾಲ್ಬಾಟನ ಕ್ರಮದಲ್ಲಿ ಮೊದಲು ನೆಗೆಟಿವ್, ಅದರಿಂದ ಬೇಕಾದಷ್ಟು ಪ್ರತಿ. ಎಡಿಟಿಂಗ್‌ಗೆ ಬಾಗಿಲು ತೆರೆದದ್ದು ಈ ನಡುವಿನ ಮೆಟ್ಟಿಲು. ನೆಗೆಟಿವ್ ಒಂದನ್ನು ತಿದ್ದಿದರೆ ಸಾಕು, ಆಮೇಲಿನ ಪ್ರತಿಗಳೆಲ್ಲ ತಿದ್ದಿಕೊಂಡೇ ಹುಟ್ಟುತ್ತವೆ.

ತಿದ್ದುವ ಅಗತ್ಯ ಆಕಾಶದಿಂದಲೇ ಶುರುವಾಯಿತು. ಆಗಿನ ರಾಸಾಯನಿಕಗಳಿಗೆ ನೀಲಿ ಬೆಳಕೆಂದರೆ ಅತಿ ಆಸೆ. ನೆಲದ ಮೇಲಿನ ಕಟ್ಟಡ ಸರಿಯಾಗಿ ಮೂಡುವ ಹೊತ್ತಿಗೆ ಆಕಾಶ ಮಿತಿಮೀರಿ ಬೆಳಗಿ, ಮೋಡವಿಲ್ಲದೆ ಬೋಳಾಗಿ ಅಚ್ಚಾಗುತ್ತಿತ್ತು. ಕನ್ನಡಿಗರಿಗೆ ಈ ಕತೆ ದೂರದ್ದಲ್ಲ. ಮದ್ರಾಸ್ ಸೈನ್ಯದ ಅಧಿಕಾರಿ ಲಿನ್ನೀಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಡಾ. ನೀಲ್ ಎಂಬಾತನ ಜೊತೆ ಹಳೇಬೀಡು, ಬೇಲೂರಿಗೆ ಬಂದು ದೇವಾಲಯಗಳ ಫೋಟೋ ತೆಗೆದ. ಮುಂದೆ ಬರ್ಮಾ ಮತ್ತು ದಕ್ಷಿಣ ಭಾರತದಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳ ಮೇಲೆ ಅವನು ಬಣ್ಣದಿಂದ ಮೋಡ ಬರೆದ, ಮಸುಕಾದ ಎಲೆಗೊಂಚಲುಗಳನ್ನು ತುಂಬಿದ. 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅವನದೇ ಪ್ರದರ್ಶನ ಏರ್ಪಡಿಸಿತ್ತು.

ಬೇಸ್‌ವಾಟರಿನಲ್ಲಿ ಸ್ಟುಡಿಯೋ ಹೂಡಿದ ಫ್ರೆಂಚ್ ಛಾಯಾಗ್ರಾಹಕ ಕಮೀಲ್ ಸಿಲ್ವಿ ಇನ್ನೊಂದು ದಾರಿ ಹಿಡಿದಿದ್ದ. 1858ರ ಅವನ ಪ್ರಸಿದ್ಧ ನದೀದೃಶ್ಯದಲ್ಲಿ ನೆಲಕ್ಕೊಂದು ನೆಗೆಟಿವ್, ಆಕಾಶಕ್ಕೊಂದು. ಅದೇ ವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳನ್ನು ಸೇರಿಸಿ, ಸಾವಿನಂಚಿನ ಹುಡುಗಿಯ ಸುತ್ತ ಮನೆಯವರು ನಿಂತ ಚಿತ್ರ ಮಾಡಿದ. ಅದರ ಹಿಂದಿನ ವರ್ಷ ಆಸ್ಕರ್ ರೈಲ್ಯಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದೇ ಚಿತ್ರ ಕಟ್ಟಿದ್ದ. ವಿಕ್ಟೋರಿಯಾ ರಾಣಿ ಅದರ ಪ್ರತಿ ಕೊಂಡುಕೊಂಡಳು. ಇವತ್ತು ಹೊಸಬರು ಲೇಯರ್, ಮಾಸ್ಕ್ ಎಂದು ಕಲಿಯುವುದು ಇದನ್ನೇ. ಒಂದು ಭಾಗ ಮುಚ್ಚಿ ಇನ್ನೊಂದಕ್ಕೆ ಬೆಳಕು ಕೊಡುವುದು, ಆಮೇಲೆ ಅದಲುಬದಲು ಮಾಡುವುದು. ಆಗ ಒಂದು ತುಂಡು ತಪ್ಪಿದರೆ ಆ ಕಾಗದವೇ ಹಾಳು, ಮತ್ತೆ ಮೊದಲಿನಿಂದ.

ಇದು ಮೋಸವೋ ಕಲೆಯೋ ಎಂಬ ಜಗಳವೂ ಆಗಲೇ ಹುಟ್ಟಿತು. 1853ರಲ್ಲಿ ಆರಂಭವಾದ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯ ಸಭೆಗಳಲ್ಲಿ ಅದು ಕಾವೇರಿತ್ತು. 1889ರಲ್ಲಿ ಪೀಟರ್ ಹೆನ್ರಿ ಎಮರ್ಸನ್ ಪುಸ್ತಕವನ್ನೇ ಬರೆದು ತಿದ್ದುವವರನ್ನು ಝಾಡಿಸಿದ. ಮುಂದೆ ಆ ಸೊಸೈಟಿಯೇ ರಾಯಲ್ ಎನಿಸಿಕೊಂಡಿತು. ಬೆಂಗಳೂರಿನ ಎಷ್ಟೋ ಛಾಯಾಗ್ರಾಹಕರು ಹೆಸರಿನ ಮುಂದೆ ಹೆಮ್ಮೆಯಿಂದ ಬರೆದುಕೊಳ್ಳುವ ಎಆರ್‌ಪಿಎಸ್, ಎಫ್‌ಆರ್‌ಪಿಎಸ್ ಮನ್ನಣೆಗಳು ಅಲ್ಲಿಂದ ಬಂದವು.

ಮೆನುವಿನಲ್ಲಿ ಉಳಿದ ಕಸುಬು

ಹೊಸದಾಗಿ ಫೋಟೋಶಾಪ್ ತೆರೆದವರಿಗೆ ಅದರ ಹೆಸರುಗಳೇ ಒಗಟು. ಡಾಡ್ಜ್ ಅಂದರೇನು? ಚಿತ್ರವನ್ನು ಚೂಪು ಮಾಡುವ ಆಯ್ಕೆಗೆ ‘ಅನ್‌ಶಾರ್ಪ್ ಮಾಸ್ಕ್’ ಎಂಬ ತಿರುಗುಮುರುಗಾದ ಹೆಸರೇಕೆ? ಉತ್ತರ ಕತ್ತಲೆ ಕೋಣೆಯಲ್ಲಿದೆ. ಪ್ರಿಂಟ್ ಹಾಕುವಾಗ ತಂತಿಯ ತುದಿಗೆ ರಟ್ಟಿನ ಬಿಲ್ಲೆ ಸಿಕ್ಕಿಸಿ ಮುಖದ ಮೇಲೆ ಅಲುಗಾಡಿಸಿದರೆ ಅಷ್ಟು ಜಾಗಕ್ಕೆ ಬೆಳಕು ತಪ್ಪಿ ತಿಳಿಯಾಗುತ್ತದೆ, ಅದು ಡಾಡ್ಜ್. ರಟ್ಟಿನ ತೂತಿನಿಂದ ಒಂದೆಡೆಗೆ ಮಾತ್ರ ಹೆಚ್ಚು ಬೆಳಕು ಬಿಟ್ಟರೆ ಕಪ್ಪೇರುತ್ತದೆ, ಅದು ಬರ್ನ್. ಮೂಲ ನೆಗೆಟಿವ್‌ನ ಮೇಲೆ ಅದರದೇ ಮಸುಕಾದ ಪಡಿಯಚ್ಚನ್ನು ಜೋಡಿಸಿ ಮುದ್ರಿಸಿದರೆ ಅಂಚುಗಳು ಎದ್ದು ಕಾಣುತ್ತವೆ. ಆ ಮಸುಕು ಹಾಳೆಯೇ ಅನ್‌ಶಾರ್ಪ್ ಮಾಸ್ಕ್.

ಬಣ್ಣದ ಚಾನೆಲ್‌ಗಳ ಬೇರೂ ಲಂಡನ್ನಿನಲ್ಲೇ ಇದೆ. ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರ ಮೇ 17ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸ್ಕಾಟಿಷ್ ಚೌಕಳಿಯ ರಿಬ್ಬನ್ನೊಂದರ ಮೂರು ಕಪ್ಪುಬಿಳುಪು ಚಿತ್ರಗಳನ್ನು ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದ. ರಿಬ್ಬನ್ನು ಬಣ್ಣದಲ್ಲಿ ಎದ್ದುನಿಂತಿತು. ಇವತ್ತಿನ ಆರ್‌ಜಿಬಿ ಅದೇ ಲೆಕ್ಕ. ‘ಕರ್ವ್ಸ್’ ಪೆಟ್ಟಿಗೆಯಲ್ಲಿ ಹೊಸಬರು ಎಳೆದಾಡುವ ವಕ್ರರೇಖೆ ಮಾತ್ರ ಇಂಗ್ಲೆಂಡಿನ ವಾಯುವ್ಯದ್ದು. ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು 1890ರಲ್ಲಿ ಬೆಳಕಿಗೂ ಕಪ್ಪಿಗೂ ಇರುವ ಸಂಬಂಧವನ್ನು ಅಳೆದು ಅಂಥದೊಂದು ರೇಖೆ ಎಳೆದಿದ್ದರು.

ಈ ಕಸುಬನ್ನು ಕಲಿಸುತ್ತಿದ್ದವರು ಯಾರು? ಸ್ಟುಡಿಯೋಗಳಲ್ಲಿ ಓರೆಯಾದ ಡೆಸ್ಕಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಹಾಯಿಸಿ, ಸೂಜಿಮೊನೆಯಷ್ಟು ಚೂಪಾದ ಪೆನ್ಸಿಲ್ಲಿನಿಂದ ಸುಕ್ಕುಗಳನ್ನು ತುಂಬುತ್ತಿದ್ದರು. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳಲ್ಲಿ ಇದಕ್ಕೆ ‘ಟಚಿಂಗ್’ ಎಂದೇ ಹೆಸರು. ನೆಗೆಟಿವ್‌ನಲ್ಲಿ ಎಲ್ಲವೂ ತಲೆಕೆಳಗು: ಕಪ್ಪು ಹಚ್ಚಿದಲ್ಲಿ ಪ್ರಿಂಟಿನಲ್ಲಿ ಬಿಳಿ. ಹಾಗಾಗಿ ಕೈ ಪಳಗಲು ವರ್ಷಗಳೇ ಬೇಕಾಗುತ್ತಿದ್ದವು. ಫ್ಲೀಟ್ ಸ್ಟ್ರೀಟ್ ಪಕ್ಕದ ಬೋಲ್ಟ್ ಕೋರ್ಟ್‌ನಲ್ಲಿ 1890ರ ದಶಕದಿಂದ ಬೆಳೆದ ತಾಂತ್ರಿಕ ಶಾಲೆ ಪತ್ರಿಕಾ ಮುದ್ರಣಕ್ಕೆ ಬೇಕಾದ ಫೋಟೋ ಎನ್‌ಗ್ರೇವಿಂಗ್ ಕಲಿಸಿತು. ಇಂದಿನ ಲಂಡನ್ ಕಾಲೇಜ್ ಆಫ್ ಕಮ್ಯುನಿಕೇಷನ್ನಿನ ಬೇರುಗಳಲ್ಲಿ ಅದೂ ಒಂದು. ಅಮೆರಿಕದಿಂದ ಬಂದ ಚಾರ್ಲ್ಸ್ ಬರ್ಡಿಕ್ ಲಂಡನ್ನಿನಲ್ಲೇ ಬಣ್ಣ ಸಿಂಪಡಿಸುವ ಏರ್‌ಬ್ರಷ್ ತಯಾರಿಕೆಗೆ ಕೈಹಾಕಿದ. ಮುದ್ರಣಾಲಯದ ರಿಟಚರ್ ಆಗಬೇಕಾದರೆ ಅಪ್ರೆಂಟಿಸ್ ಆಗಿ ಸೇರಬೇಕು, ಸಂಘದ ಕಾರ್ಡು ಇರಬೇಕು. ವಿದ್ಯೆಗೆ ಬೇಲಿಯಿತ್ತು.

ಬೇಲಿಯ ಹೊರಗಿನವರಿಗೆ ಪತ್ರಿಕೆಯೇ ಗುರು. 1884ರಲ್ಲಿ ಲಂಡನ್ನಿನಲ್ಲಿ ವಾರಪತ್ರಿಕೆಯಾಗಿ ಶುರುವಾದ ‘ಅಮೆಚೂರ್ ಫೋಟೋಗ್ರಾಫರ್’ ಇನ್ನೂ ನಡೆಯುತ್ತಿದೆ.

ರದ್ದು ಮಾಡುವ ಸ್ವಾತಂತ್ರ್ಯ

ಕಂಪ್ಯೂಟರ್ ಈ ಕೆಲಸಕ್ಕೆ ಬಂದಾಗಲೂ ಮೊದಲು ಬೇಲಿಯೊಳಗೇ ಬಂತು. ಲಂಡನ್ನಿನ ಪಶ್ಚಿಮಕ್ಕಿರುವ ನ್ಯೂಬರಿಯ ಕ್ವಾಂಟೆಲ್ ಕಂಪನಿ 1981ರಲ್ಲಿ ತಂದ ಪೇಂಟ್‌ಬಾಕ್ಸ್ ಯಂತ್ರದ ಬೆಲೆ ಟಿವಿ ಸಂಸ್ಥೆಗಳು ಮಾತ್ರ ಭರಿಸುವಂಥದ್ದು. 1990ರ ಫೆಬ್ರುವರಿಯಲ್ಲಿ ಅಮೆರಿಕದ ಥಾಮಸ್ ಮತ್ತು ಜಾನ್ ನೋಲ್ ಸೋದರರ ಫೋಟೋಶಾಪ್ ಮೆಕಿಂಟಾಷ್‌ಗೆ ಬಂದಾಗ ಆ ಬೇಲಿ ಸಡಿಲಾಯಿತು. ಮುಂದೆ ಕ್ವಾಂಟೆಲ್ ಪೇಟೆಂಟ್ ಹಿಡಿದು ಫೋಟೋಶಾಪ್ ಮಾರುವ ಅಡೋಬಿ ಮೇಲೆ ಮೊಕದ್ದಮೆ ಹೂಡಿ ಸೋತಿತು.

ಕಾಕತಾಳೀಯವೆಂಬಂತೆ, ಫೋಟೋಶಾಪ್ ಹುಟ್ಟಿದ ಎರಡು ತಿಂಗಳೊಳಗೆ ಒಳ ಲಂಡನ್ನಿನ ಶಿಕ್ಷಣ ಪ್ರಾಧಿಕಾರ ಐಎಲ್‌ಇಎ ರದ್ದಾಯಿತು. ಸಂಜೆಯ ಅಗ್ಗದ ತರಗತಿಗಳನ್ನು ನಗರದಾದ್ಯಂತ ನಡೆಸುತ್ತಿದ್ದ ಸಂಸ್ಥೆ ಅದು. ಅದರ ಹೊಣೆ ಬರೋ ಎಂಬ ಸ್ಥಳೀಯ ಆಡಳಿತಗಳಿಗೆ ಹಂಚಿಹೋಯಿತು. ಆದರೂ ಸಂಜೆಶಾಲೆಯ ಪರಂಪರೆ ಅಳಿಯಲಿಲ್ಲ. 1854ರ ವರ್ಕಿಂಗ್ ಮೆನ್ಸ್ ಕಾಲೇಜು, 1889ರ ಮಾರ್ಲಿ ಕಾಲೇಜು, 1919ರ ಸಿಟಿ ಲಿಟ್, ಈಸ್ಟ್ ಎಂಡ್‌ನಲ್ಲಿ 2002ರಿಂದ ತೆರೆದ ಐಡಿಯಾ ಸ್ಟೋರ್ ಗ್ರಂಥಾಲಯಗಳು ದುಡಿಯುವವರಿಗೆ ಕೆಲಸ ಮುಗಿಸಿ ಬಂದು ಕಲಿಯುವ ಜಾಗಗಳಾಗಿವೆ. 2019ರ ಆಗಸ್ಟಿನಿಂದ ವಯಸ್ಕರ ಶಿಕ್ಷಣದ ಹಣ ಲಂಡನ್ ಮೇಯರ್ ಕೈಗೆ ಬಂದ ಮೇಲೆ ಕಡಿಮೆ ಸಂಬಳದವರಿಗೆ ಎಷ್ಟೋ ಕೋರ್ಸುಗಳ ಶುಲ್ಕವಿಲ್ಲ.

ಕಲಿಕೆಯನ್ನೇ ಬದಲಿಸಿದ ಹೆಜ್ಜೆಗಳು ಬೇರೆ ಇವೆ. ಮೊದಲ ಫೋಟೋಶಾಪ್‌ನಲ್ಲಿ ಒಂದೇ ಒಂದು ಹೆಜ್ಜೆ ಹಿಂದಕ್ಕೆ ಹೋಗಬಹುದಿತ್ತು. 1994ರ ಮೂರನೆಯ ಆವೃತ್ತಿಯಲ್ಲಿ ಲೇಯರ್ ಬಂತು: ಮೂಲ ಚಿತ್ರ ಕೆಳಗೆ ಹಾಗೇ ಇರುತ್ತದೆ, ತಿದ್ದುಪಡಿ ಮೇಲಿನ ಪದರದಲ್ಲಿ. 1998ರ ಐದನೆಯ ಆವೃತ್ತಿಯ ‘ಹಿಸ್ಟರಿ’ ಪಟ್ಟಿಯಿಂದ ಹತ್ತಾರು ಹೆಜ್ಜೆ ಹಿಂದಕ್ಕೆ ನಡೆಯುವುದು ಸಾಧ್ಯವಾಯಿತು. ಗಾಜಿನ ಮೇಲೆ ಪೆನ್ಸಿಲ್ ಆಡಿಸಿದವರಿಗೆ ಕನಸಿನಲ್ಲೂ ಸಿಗದ ಸೌಕರ್ಯ ಇದು. ಹೆದರಿಕೆ ಹೋದ ಮೇಲೆ ಗುರುವಿನ ಅಗತ್ಯವೂ ಇಳಿಯಿತು. ಒತ್ತಿ ನೋಡುವುದೇ ಕಲಿಯುವ ರೀತಿಯಾಯಿತು. ಮ್ಯಾಗಜೀನಿನ ಮುಖಪುಟಕ್ಕೆ ಅಂಟಿಸಿದ ಸಿಡಿಗಳು, ಆಮೇಲೆ ಯೂಟ್ಯೂಬ್ ಗುರುಗಳಾದವು.

ಬೆಲೆಯ ಗೋಡೆಯೂ ತಗ್ಗಿತು. 1996ರಲ್ಲಿ ಉಚಿತ ಎಡಿಟಿಂಗ್ ತಂತ್ರಾಂಶ ಗಿಂಪ್ ಹೊರಬಂತು. 2013ರಲ್ಲಿ ಅಡೋಬಿ ತಿಂಗಳ ಬಾಡಿಗೆಯ ಪದ್ಧತಿಗೆ ಹೊರಳಿದಾಗ ಬೇಸತ್ತವರು ಬೇರೆಡೆ ನೋಡತೊಡಗಿದರು. ಅದೇ ವರ್ಷ ಬ್ರೌಸರಿನಲ್ಲೇ ನಡೆಯುವ ಫೋಟೋಪಿ ಬಂತು, 2015ರಲ್ಲಿ ನಾಟಿಂಗ್‌ಹ್ಯಾಮಿನ ಸೆರಿಫ್ ಕಂಪನಿಯ ಅಫಿನಿಟಿ ಫೋಟೋ.

ಒತ್ತಕ್ಷರದ ಪಾಠ

ಲಂಡನ್ನಿನ ಕನ್ನಡದ ಮನೆಗಳಲ್ಲಿ ಈ ಕಲಿಕೆ ಬಹುತೇಕ ಪೋಸ್ಟರಿನಿಂದ ಶುರುವಾಗುತ್ತದೆ. 1983ರಲ್ಲಿ ಹುಟ್ಟಿದ ಕನ್ನಡ ಬಳಗ ಯುಕೆಯಂಥ ಸಂಘಗಳಲ್ಲಿ ಯುಗಾದಿ, ದೀಪಾವಳಿ ಬಂತೆಂದರೆ ಆಹ್ವಾನಪತ್ರ ಬೇಕು. ಅದನ್ನು ಮಾಡುವವರು ವೃತ್ತಿಯಿಂದ ಡಾಕ್ಟರೋ ಸಾಫ್ಟ್‌ವೇರಿನವರೋ. ಅವರು ಮೊದಲು ಎಡವುವುದು ಚಿತ್ರದಲ್ಲಲ್ಲ, ಅಕ್ಷರದಲ್ಲಿ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ‘ರಾಜ್ಯೋತ್ಸವ’ ಎಂದು ಬರೆದರೆ ಒತ್ತುಗಳು ಕೆಳಗಿಳಿಯದೆ ಪಕ್ಕಕ್ಕೆ ಸಾಲಾಗಿ ನಿಲ್ಲುತ್ತವೆ. ಅವುಗಳ ಟೈಪ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್-ರೆಡಿ’ ಲೇಔಟ್ ಆರಿಸಿ, ಯೂನಿಕೋಡ್ ಫಾಂಟ್ ಹಾಕಿದರೆ ಅಕ್ಷರ ಸರಿಹೋಗುತ್ತದೆ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪಠ್ಯವನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಇನ್ನು ಫೋಟೋ. ಬಾಡಿಗೆ ಸಭಾಂಗಣದ ದೀಪದಡಿ ತೆಗೆದ ಚಿತ್ರದಲ್ಲಿ ರೇಷ್ಮೆಸೀರೆಯ ಬಣ್ಣ ಅರಿಶಿನಕ್ಕೆ ತಿರುಗಿರುತ್ತದೆ, ನವೆಂಬರಿನ ಹೊರಗಿನ ಬೆಳಕಿನಲ್ಲಿ ಮುಖಗಳು ಬೂದಿಗೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಮೂಲದ ಪ್ರತಿ ತೆಗೆದಿಟ್ಟುಕೊಳ್ಳಿ. ಬೇಡದ್ದನ್ನು ಕ್ರಾಪ್ ಮಾಡಿ. ಚಿತ್ರದಲ್ಲಿ ಬಿಳಿ ಪಂಚೆಯೋ ಗೋಡೆಯೋ ಇದ್ದರೆ ಅದನ್ನು ಬಿಳಿಯಾಗಿಸಿ ವೈಟ್ ಬ್ಯಾಲೆನ್ಸ್ ಸರಿಮಾಡಿ. ಬೆಳಕು-ನೆರಳಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿಕೊಂಡು ಕರ್ವ್ಸ್ ಎಳೆಯಿರಿ. ಕಲೆ ಅಳಿಸುವ ಹೀಲಿಂಗ್ ಬ್ರಷ್ ಕೊನೆಯದು. ಹೆಚ್ಚಿನವರು ಅದನ್ನೇ ಮೊದಲು ಹಿಡಿಯುತ್ತಾರೆ. ಮುಖ ಮೇಣದ ಬೊಂಬೆಯಾಗುವುದು ಹಾಗೆ.

ನಂಬಿಕೆಯ ಲೆಕ್ಕ

ತಿದ್ದುವುದು ಸುಲಭವಾದಷ್ಟೂ ಅದನ್ನು ಪ್ರಶ್ನಿಸುವ ಕಣ್ಣುಗಳು ಹೆಚ್ಚಾದವು. 2011ರ ಜುಲೈನಲ್ಲಿ ಬ್ರಿಟನ್ನಿನ ಜಾಹೀರಾತು ಮಾನದಂಡ ಸಂಸ್ಥೆ ಎಎಸ್‌ಎ, ಸಂಸದೆ ಜೋ ಸ್ವಿನ್ಸನ್ ಅವರ ದೂರಿನ ಮೇಲೆ ಲೋರಿಯಲ್ ಬಳಗದ ಎರಡು ಜಾಹೀರಾತುಗಳನ್ನು ತಡೆಯಿತು. ಜೂಲಿಯಾ ರಾಬರ್ಟ್ಸ್, ಕ್ರಿಸ್ಟಿ ಟರ್ಲಿಂಗ್ಟನ್ ಮುಖಗಳ ನುಣುಪು ಫೌಂಡೇಶನ್ನಿನದ್ದೋ ಎಡಿಟಿಂಗಿನದ್ದೋ ಎಂಬುದೇ ಪ್ರಶ್ನೆ. 2021ರಲ್ಲಿ ಸೌಂದರ್ಯವರ್ಧಕಗಳ ಪ್ರಚಾರದಲ್ಲಿ ದಾರಿತಪ್ಪಿಸುವ ಫೋನ್ ಫಿಲ್ಟರುಗಳಿಗೂ ಅದೇ ತಡೆ ಬಂತು. ಅದೇ ವರ್ಷ ಅಡೋಬಿ, ಬಿಬಿಸಿ, ಮೈಕ್ರೋಸಾಫ್ಟ್ ಮೊದಲಾದವು ಸೇರಿ ಸಿ2ಪಿಎ ಒಕ್ಕೂಟ ಕಟ್ಟಿದವು. ಚಿತ್ರ ಎಲ್ಲಿ ಹುಟ್ಟಿತು, ಆಮೇಲೆ ಏನೇನು ತಿದ್ದಲಾಯಿತು ಎಂಬ ದಾಖಲೆ ಫೈಲಿನ ಜೊತೆಗೇ ಸಾಗಬೇಕೆಂಬುದು ಅದರ ಉದ್ದೇಶ.

ಇತ್ತ ತಂತ್ರ ಇನ್ನಷ್ಟು ಮುಂದೆ ಓಡಿತು. 2020ರಲ್ಲಿ ಫೋಟೋಶಾಪ್‌ಗೆ ಬಂದ ‘ಸ್ಕೈ ರಿಪ್ಲೇಸ್‌ಮೆಂಟ್’ ಒಂದು ಕ್ಲಿಕ್ಕಿಗೆ ಆಕಾಶ ಬದಲಿಸುತ್ತದೆ. 2023ರ ‘ಜನರೇಟಿವ್ ಫಿಲ್’ಗೆ ಮಾತಿನಲ್ಲಿ ಹೇಳಿದರೆ ಸಾಕು, ಇಲ್ಲದ್ದನ್ನೂ ತಂದು ಕೂಡಿಸುತ್ತದೆ, ಅಂಚನ್ನೂ ತಾನೇ ಹೊಂದಿಸುತ್ತದೆ. ತೋಳು ಕೂಡಿಬರದಿರುವ ತಪ್ಪು ಇನ್ನು ಅಪರೂಪವಾದೀತು. ಆಗ ನೋಡುವವರಿಗೆ ಅನುಮಾನ ಹುಟ್ಟಿಸಲು ಅಂಥ ಸುಳಿವೂ ಉಳಿಯುವುದಿಲ್ಲ.

ಉಳಿದುಬಂದಿರುವ ಟ್ರೈಪ್‌ನ ನೆಗೆಟಿವ್‌ಗಳನ್ನು ನೋಡಿದವರಿಗೆ ಅವನು ಹಚ್ಚಿದ ಬಣ್ಣ ಇಂದಿಗೂ ಕಾಣುತ್ತದೆ. ಎಲ್ಲಿ ಬೆಳಕು ಬಿದ್ದದ್ದು, ಎಲ್ಲಿ ಕುಂಚ ಆಡಿದ್ದು ಎಂಬುದನ್ನು ಆ ಕಾಗದವೇ ಹೇಳುತ್ತದೆ. ಅವನು ಅದನ್ನು ಸಾಕ್ಷಿಗೆಂದು ಇಟ್ಟವನಲ್ಲ. ಆ ಕಾಲದಲ್ಲಿ ಕುರುಹು ಬಿಡದೆ ತಿದ್ದುವ ದಾರಿಯೇ ಇರಲಿಲ್ಲ. ಈಗ ಇದೆ. ಕೆಲಸ ಮುಗಿದ ಮೇಲೆ ‘ಫ್ಲ್ಯಾಟನ್’ ಒತ್ತಿದರೆ ಪದರಗಳೆಲ್ಲ ಒಂದಾಗಿ, ತಿದ್ದಿದ್ದು ಯಾವುದು, ಇದ್ದದ್ದು ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ಹೊಸದಾಗಿ ಕಲಿಯುವವರು ಊರಿಗೆಲ್ಲ ಜೆಪೆಗ್ ಕಳಿಸಲಿ, ಪದರಗಳಿರುವ ಫೈಲೊಂದನ್ನು ಮಾತ್ರ ತಮ್ಮಲ್ಲಿ ಉಳಿಸಿಕೊಳ್ಳಲಿ. ನಾಳೆ ಯಾರಾದರೂ ತೋಳಂಚಿನತ್ತ ಬೆರಳು ತೋರಿಸಿದರೆ, ಮೇಲಿನ ಪದರವನ್ನು ಮರೆಮಾಡಿ ಕೆಳಗಿನದನ್ನು ತೋರಿಸಬಹುದು.