ಕಿವಿಯಿಂದ ಕಲಿತವರು



ಹಲಸೂರಿನ ಸೋಮೇಶ್ವರ ದೇವಾಲಯದ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿ ನಿಂತು ನೋಡಿ. ಗಂಟೆಯ ನಾದ, ಹೂ ಮಾರುವವರ ಕೂಗು, ಬಸ್ಸಿನ ಸದ್ದು ಬೇರೆ ಬೇರೆಯಾಗಿ ಕೇಳಿಸುತ್ತವೆ. ನಿಮಗಿದು ಒಂದು ನಿಮಿಷದ ಆಟ. ಆದರೆ ಬಾಳೆಲ್ಲ ಕಿವಿಯಿಂದಲೇ ಕಲಿತು, ನಾಡಿಗೆ ಸಂಗೀತ ಕಲಿಸಿದ ಇಬ್ಬರು ಗುರುಗಳಿದ್ದರು. ಅವರ ಇತಿಹಾಸ ತಿಳಿಯಲು ನಾವು ಗದುಗಿಗೆ ಹೋಗಬೇಕು.

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಅವರಿಗೆ ಕಣ್ಣಿರಲಿಲ್ಲ, ಕಂಠವಿತ್ತು. ಅದನ್ನು ಗುರುತಿಸಿ ಆಶ್ರಯವಿತ್ತವರು ಹಾನಗಲ್ಲ ಕುಮಾರಸ್ವಾಮಿಗಳು. ಗವಾಯಿಗಳು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ ನೀಲಕಂಠ ಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತರು. ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ ಹಾಗೂ ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸುತ್ತುತ್ತ ಪಾಠ ಹೇಳಿದರು. ಆ ಸಂಚಾರಿ ಶಾಲೆಯೇ ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಕಣ್ಣಿದ್ದ ಬಸವರಾಜ ರಾಜಗುರು ಅವರಂಥ ಗಾಯಕರೂ ಇದೇ ಅಂಧ ಗುರುವಿನ ಶಿಷ್ಯರು!

1944ರಲ್ಲಿ ಗುರುಗಳು ಕಾಲವಾದಾಗ ಆಶ್ರಮದ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಅವರು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದರು. ಗಾಯನದ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲುಗಳಲ್ಲೂ ಪಳಗಿದ್ದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿದರು. ಮಕ್ಕಳ ಅನ್ನಕ್ಕಾಗಿ ನಾಟಕ ಬರೆದು, ಕಂಪನಿ ಕಟ್ಟಿ ಆಡಿಸಿದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಅಗಲಿದರು.

ಇದನ್ನು ಪವಾಡವೆನ್ನಬೇಡಿ. ನಮ್ಮ ಸಂಗೀತದ ಪಾಠ ಬಾಯಿಂದ ಕಿವಿಗೆ ಸಾಗುವಂಥದು. ಗುರು ಹಾಡುತ್ತಾನೆ, ಶಿಷ್ಯ ಮರಳಿ ಹಾಡುತ್ತಾನೆ, ತಾಳ ಕೈಯಲ್ಲಿರುತ್ತದೆ. ಅಲ್ಲಿ ಅಂಧ ಬಾಲಕನಿಗೆ ಬಾಗಿಲು ತೆರೆದಿತ್ತು. ಬಾಗಿಲು ಮುಚ್ಚಿದ್ದು ಅಚ್ಚಿನ ಪುಸ್ತಕದ ಎದುರು. 1829ರಲ್ಲಿ ಲೂಯಿ ಬ್ರೈಲ್ ಪ್ರಕಟಿಸಿದ ಆರು ಚುಕ್ಕಿಗಳ ಲಿಪಿ ಅದನ್ನೂ ತೆರೆಯಿತು. ಇಂದು ಓದಿ ಹೇಳುವ ಕಂಪ್ಯೂಟರುಗಳೂ ಇವೆ. ಅಂದರೆ, ಕೊರತೆ ಬರೀ ದೇಹದಲ್ಲಿಲ್ಲ. ಕಲಿಸುವ ಕ್ರಮದಲ್ಲೂ ಇದೆ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆ. ಆದರೆ ಕಾಯಿದೆ ಸ್ಥಾನ ಕೊಡಬಲ್ಲದು, ಸ್ನೇಹವನ್ನಲ್ಲ. ನಿಮ್ಮ ತರಗತಿಗೆ ಅಂಥ ಸಹಪಾಠಿ ಬಂದರೆ ಅಯ್ಯೋ ಎನ್ನಬೇಡಿ. ಕಪ್ಪು ಹಲಗೆಯ ಮೇಲಿನದನ್ನು ಓದಿ ಹೇಳಿ. ಆಮೇಲೆ ಆತ ಹೇಳುವುದನ್ನು ನೀವೂ ಕೇಳಿ.