ಕೊಯ್ಯದೆ ಕಂಡ ಮಿದುಳು



ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳಿದ್ದರೆ ಒಮ್ಮೆ ಧೂಳು ಕೊಡವಿ ನೋಡಿ. ಕಹಳೆಯಂಥ ಕೊಳವೆಗೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವಿದ್ದರೆ ಅದು ಎಚ್.ಎಂ.ವಿ. ತಟ್ಟೆ. ಆ ಮುದ್ರೆಯ ಹಿಂದಿದ್ದ ಬ್ರಿಟಿಷ್ ಕಂಪನಿ ಇ.ಎಂ.ಐ. ಮನುಷ್ಯನ ತಲೆಯನ್ನು ಕೊಯ್ಯದೆಯೇ ಒಳಗಿನ ಮಿದುಳನ್ನು ತೋರಿಸುವ ಸಿ.ಟಿ. ಸ್ಕ್ಯಾನರ್ ಹುಟ್ಟಿದ್ದು ಇದೇ ಕಂಪನಿಯ ಪ್ರಯೋಗಾಲಯದಲ್ಲಿ. ಹಾಡಿನ ತಟ್ಟೆಗೂ ಮಿದುಳಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟು ಬೆಸೆದದ್ದು ಗಣಕಯಂತ್ರ. ಸಿ.ಟಿ. ಎಂಬ ಎರಡಕ್ಷರಗಳಲ್ಲಿ ಮೊದಲನೆಯದು ಕಂಪ್ಯೂಟರನ್ನೇ ಸೂಚಿಸುತ್ತದೆ.

1895ರಲ್ಲಿ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಮುರಿದ ಮೂಳೆಯನ್ನು ನೋಡುವುದು ಸುಲಭವಾಯಿತು. ಆದರೆ ಮಿದುಳು ಮೂಳೆಯ ಪೆಟ್ಟಿಗೆಯೊಳಗಿನ ಮೆತ್ತನೆಯ ವಸ್ತು. ಕ್ಷ-ಕಿರಣದ ಚಿತ್ರವೆಂದರೆ ಕೇವಲ ನೆರಳು. ತೊಗಲುಗೊಂಬೆಯಾಟದಲ್ಲಿ ರಾಮನ ಗೊಂಬೆಯ ಹಿಂದೆಯೇ ಲಕ್ಷ್ಮಣನ ಗೊಂಬೆಯನ್ನೂ ಹಿಡಿದರೆ ಪರದೆಯ ಮೇಲೆ ಎರಡೂ ಕಲಸಿಹೋಗುತ್ತವಲ್ಲ, ಹಾಗೆ ತಲೆಯೊಳಗಿನದೆಲ್ಲ ಒಂದರ ಮೇಲೊಂದು ಬೀಳುತ್ತಿತ್ತು. ಮೂಳೆಯ ನೆರಳು ಉಳಿದೆಲ್ಲವನ್ನೂ ನುಂಗುತ್ತಿತ್ತು. ಗೆಡ್ಡೆಯ ಅನುಮಾನ ಬಂದಾಗ ವೈದ್ಯರು ಮಾಡುತ್ತಿದ್ದುದೇನು ಗೊತ್ತೆ? ಬೆನ್ನುಮೂಳೆಯ ಬಳಿ ಸೂಜಿ ಚುಚ್ಚಿ, ಮಿದುಳಿನ ಸುತ್ತಲಿನ ದ್ರವವನ್ನು ಹೊರತೆಗೆದು, ಅದರ ಜಾಗಕ್ಕೆ ಗಾಳಿ ತುಂಬುತ್ತಿದ್ದರು. ಗಾಳಿ ಕ್ಷ-ಕಿರಣದಲ್ಲಿ ಬೇರೆಯಾಗಿ ಕಾಣುವುದರಿಂದ ಮಿದುಳಿನ ಅಂಚು ಅಷ್ಟಿಷ್ಟು ತೋರುತ್ತಿತ್ತು. ರೋಗಿಗೆ ಆಮೇಲೆ ವಿಪರೀತ ತಲೆನೋವು, ವಾಂತಿ. ರೋಗ ಪತ್ತೆಯಾಗುವ ಮುನ್ನವೇ ಇಷ್ಟು ಯಾತನೆ. ಸುಮಾರು ಐವತ್ತು ವರ್ಷ ಹೀಗೆಯೇ ನಡೆಯಿತು.

ಒಂದೇ ನೆರಳು ಸಾಲದು, ಸರಿ. ಸುತ್ತಲಿಂದ ಹಲವು ನೆರಳುಗಳನ್ನು ಹಿಡಿದರೆ? ನೋಟ್‌ಪುಸ್ತಕದಲ್ಲಿ ನಾಲ್ಕು ಮನೆಗಳ ಒಂದು ಚೌಕ ಬರೆಯಿರಿ: ಮೇಲೆ ಎರಡು, ಕೆಳಗೆ ಎರಡು. ಪ್ರತಿ ಮನೆಯಲ್ಲೂ ಒಂದೊಂದು ಅಂಕಿ ಅಡಗಿದೆ. ಮೇಲಿನ ಸಾಲಿನ ಮೊತ್ತ 5, ಕೆಳಗಿನ ಸಾಲಿನದು 9. ಎಡಗಡೆಯ ಕಂಬಸಾಲಿನ ಮೊತ್ತ 6, ಬಲಗಡೆಯದು 8. ಅಂಕಿಗಳನ್ನು ಹೇಳಬಲ್ಲಿರಾ? ಇಷ್ಟರಿಂದ ಆಗದು, ಒಂದಕ್ಕಿಂತ ಹೆಚ್ಚು ಉತ್ತರ ಬರುತ್ತದೆ. ಆದರೆ ಎಡಮೇಲಿನಿಂದ ಬಲಕೆಳಕ್ಕೆ ಓರೆಯಾಗಿ ಕೂಡಿದರೆ 7 ಎಂದು ನಾನು ಹೇಳಿಬಿಟ್ಟರೆ ಉತ್ತರ ಒಂದೇ: ಮೇಲೆ 2, 3, ಕೆಳಗೆ 4, 5. ಪೆಟ್ಟಿಗೆಯನ್ನು ತೆರೆಯಲಿಲ್ಲ, ಒಳಗಿನದು ತಿಳಿಯಿತು. ಇಲ್ಲಿ ಮೊತ್ತವೆಂದರೆ ನೆರಳು. ಅಂಕಿಯೆಂದರೆ ಆ ಜಾಗದ ಅಂಗಾಂಶ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ.

ಆಸ್ಟ್ರಿಯದ ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲಿಯೇ ಇದನ್ನು ಸಾಧಿಸಿ ತೋರಿಸಿದ್ದ. ಎಲ್ಲ ದಿಕ್ಕಿನ ಮೊತ್ತಗಳೂ ತಿಳಿದಿದ್ದರೆ ಒಳಗಿನ ಚಿತ್ರವನ್ನು ಮರಳಿ ಕಟ್ಟಬಹುದು ಎಂಬುದಕ್ಕೆ ಅವನ ಬಳಿ ಸೂತ್ರವಿತ್ತು. ಆದರೆ ವೈದ್ಯರ್ಯಾರೂ ಅದನ್ನು ಓದಲಿಲ್ಲ. ಓದಿದ್ದರೂ ಪ್ರಯೋಜನವಿರಲಿಲ್ಲ ಎನ್ನಿ, ಅಷ್ಟು ಲೆಕ್ಕವನ್ನು ಕೈಯಲ್ಲಿ ಮಾಡಿ ಮುಗಿಸುವಷ್ಟರಲ್ಲಿ ರೋಗಿಯೇ ಇರುತ್ತಿರಲಿಲ್ಲ.

1956ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಆಲನ್ ಕಾರ್ಮ್ಯಾಕ್ ಎಂಬ ಭೌತವಿಜ್ಞಾನಿ ಆಸ್ಪತ್ರೆಯೊಂದರಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿದರು. ರಾಡಾನನ ಹೆಸರನ್ನೇ ಕೇಳಿರದ ಅವರು ಅದೇ ಗಣಿತವನ್ನು ತಾವೇ ಹೊಸದಾಗಿ ಕಂಡುಕೊಂಡರು. ಅಲ್ಯೂಮಿನಿಯಂ ಮತ್ತು ಮರದಿಂದ ಮಾಡಿಸಿದ ಒಂದು ಬಿಲ್ಲೆಯ ಮೂಲಕ ಗಾಮಾ ಕಿರಣ ಹಾಯಿಸಿ ಲೆಕ್ಕ ಹಾಕಿದಾಗ ನಟ್ಟನಡುವೆ ಅಳತೆ ತುಸು ತಪ್ಪಿದಂತೆ ಕಂಡಿತು. ಬಿಲ್ಲೆ ಮಾಡಿಕೊಟ್ಟ ಕುಶಲಕರ್ಮಿಯನ್ನು ವಿಚಾರಿಸಿದರೆ, ನಡುವೆ ಬೇರೆ ಬಗೆಯ ಅಲ್ಯೂಮಿನಿಯಂ ಗೂಟವೊಂದು ಸೇರಿದ್ದುದು ತಿಳಿಯಿತು! ಕಾರ್ಮ್ಯಾಕರಿಗೇ ಗೊತ್ತಿಲ್ಲದ ಗುಟ್ಟನ್ನು ಅವರ ಲೆಕ್ಕ ಹೊರಗೆಡಹಿತ್ತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು. 1963 ಮತ್ತು 1964ರಲ್ಲಿ ಅವರು ಪ್ರಬಂಧಗಳನ್ನು ಪ್ರಕಟಿಸಿದಾಗ ಹೆಚ್ಚುಕಡಿಮೆ ಯಾರೂ ಗಮನಿಸಲಿಲ್ಲ. ಪ್ರತಿ ಕೇಳಿ ಬರೆದ ಕೆಲವರಲ್ಲಿ ಒಬ್ಬರು ಸ್ವಿಟ್ಜರ್ಲೆಂಡಿನಲ್ಲಿ ಹಿಮಪಾತಗಳ ಅಧ್ಯಯನ ನಡೆಸುವ ಕೇಂದ್ರದವರು.

ಇನ್ನು ಇ.ಎಂ.ಐ. ಕಂಪನಿಯ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ರೈತನ ಮಗ, ಯುದ್ಧಕಾಲದಲ್ಲಿ ವಾಯುಪಡೆಯ ರೇಡಾರ್ ಕೆಲಸ ಕಲಿತವರು, ವಿಶ್ವವಿದ್ಯಾನಿಲಯದ ಪದವಿ ಇಲ್ಲ. ಟ್ರಾನ್ಸಿಸ್ಟರುಗಳಿಂದಲೇ ನಡೆಯುವ ಎಮಿಡೆಕ್ ಎಂಬ ಗಣಕವನ್ನು ರೂಪಿಸಿದ್ದ ಅನುಭವ ಅವರ ಬೆನ್ನಿಗಿತ್ತು. ಇವರಿಗೂ ಕಾರ್ಮ್ಯಾಕರ ಸುದ್ದಿ ತಿಳಿಯದು. 1967ರಲ್ಲಿ ಹೊಳೆದ ಆಲೋಚನೆಯನ್ನು ಹಳೆಯ ಲೇತ್ ಯಂತ್ರದ ಬುಡದ ಮೇಲೆ ಕಟ್ಟಿ ನೋಡಿದರು. ಮೊದಲ ಪ್ರಯೋಗದಲ್ಲಿ ಸುಮಾರು 28 ಸಾವಿರ ಅಳತೆಗಳನ್ನು ತೆಗೆಯಲು ಒಂಬತ್ತು ದಿನ ಹಿಡಿಯಿತು; ಅವನ್ನು ಚಿತ್ರವಾಗಿಸಲು ದೊಡ್ಡ ಗಣಕಕ್ಕೇ ಎರಡೂವರೆ ಗಂಟೆ ಬೇಕಾಯಿತು. ಬೀಟಲ್ಸ್ ತಂಡದ ತಟ್ಟೆಗಳಿಂದ ಬಂದ ಲಾಭವೇ ಈ ಸಂಶೋಧನೆಯನ್ನು ಸಾಕಿತು ಎಂಬ ಕಥೆಯನ್ನು ನೀವು ಕೇಳಿರಬಹುದು. ಕಥೆ ಸೊಗಸಾಗಿದೆ, ಆದರೆ ಬ್ರಿಟನ್ ಸರ್ಕಾರದ ಆರೋಗ್ಯ ಇಲಾಖೆಯೂ ಹಣ ಕೊಟ್ಟಿತ್ತೆಂಬುದನ್ನು ಅದು ಮರೆಯುತ್ತದೆ.

1971ರ ಅಕ್ಟೋಬರ್ 1. ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆ. ಮಿದುಳಿನಲ್ಲಿ ಗೆಡ್ಡೆಯಿದೆಯೆಂಬ ಅನುಮಾನವಿದ್ದ ಮಹಿಳೆಯೊಬ್ಬರು ಯಂತ್ರದಲ್ಲಿ ತಲೆಯಿಟ್ಟು ಮಲಗಿದರು. ಕಿರಣ ಬೀರುವ ಕೊಳವೆ ತಲೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತ 160 ಅಳತೆ ತೆಗೆದುಕೊಂಡು, ಒಂದು ಡಿಗ್ರಿ ತಿರುಗಿ, ಮತ್ತೆ 160 ತೆಗೆದುಕೊಂಡು, ಹೀಗೆ 180 ಸಲ. ಒಟ್ಟು 28,800 ಅಳತೆಗಳು. ಬಿಡಿಸಬೇಕಾದ ಚೌಕ ನಮ್ಮ ನಾಲ್ಕು ಮನೆಯದಲ್ಲ. ಅಡ್ಡಕ್ಕೆ 80, ಉದ್ದಕ್ಕೆ 80, ಅಂದರೆ 6,400 ಮನೆಗಳು. ಆಸ್ಪತ್ರೆಯಲ್ಲಿ ಅದಕ್ಕೆ ತಕ್ಕ ಗಣಕವಿರಲಿಲ್ಲ; ಟೇಪನ್ನು ಬೇರೆಡೆಗೆ ಒಯ್ದು ಲೆಕ್ಕ ಮಾಡಿಸಿ ತಂದರು. ಚಿತ್ರದಲ್ಲಿ ಮಿದುಳಿನ ಮುಂಭಾಗದಲ್ಲಿ ಕಪ್ಪಗೆ ದುಂಡಗಿನ ಕಲೆ. ಶಸ್ತ್ರಚಿಕಿತ್ಸಕರು ತೆರೆದಾಗ ಗೆಡ್ಡೆ ಚಿತ್ರ ತೋರಿಸಿದ್ದ ಜಾಗದಲ್ಲೇ ಇತ್ತು. ಗಾಳಿ ತುಂಬುವ ಆ ಹಳೆಯ ಪರೀಕ್ಷೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. 1979ರಲ್ಲಿ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರೂ ನೊಬೆಲ್ ಪಾರಿತೋಷಕ ಹಂಚಿಕೊಂಡರು.

ಈಗ ಬೆಂಗಳೂರಿಗೆ ಬರೋಣ. ಅದೇ 1971ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟುತ್ತಿದ್ದವರು ಜಿ. ಎನ್. ರಾಮಚಂದ್ರನ್. ಸಿ. ವಿ. ರಾಮನ್ನರ ಶಿಷ್ಯರು, ಪ್ರೋಟೀನು ಹೇಗೆ ಮಡಚಿಕೊಳ್ಳಬಲ್ಲದು, ಹೇಗೆ ಮಡಚಿಕೊಳ್ಳಲಾರದು ಎಂಬುದನ್ನು 1963ರಲ್ಲಿ ಒಂದೇ ನಕ್ಷೆಯಲ್ಲಿ ತೋರಿಸಿ ಆಗಲೇ ಜಗತ್ಪ್ರಸಿದ್ಧರಾಗಿದ್ದರು. ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಸೇರಿ ಆ ವರ್ಷ ಪ್ರಕಟಿಸಿದ ಪ್ರಬಂಧ ನೆರಳುಗಳಿಂದ ಚಿತ್ರ ಕಟ್ಟುವ ಈ ಸಮಸ್ಯೆಯನ್ನೇ ಕುರಿತದ್ದು. ನೆರಳುಗಳನ್ನು ಹಾಗೆಯೇ ಮರಳಿ ಹರಡಿದರೆ ಚಿತ್ರ ಮಸುಕಾಗುತ್ತದೆ. ಹರಡುವ ಮುನ್ನ ಪ್ರತಿ ನೆರಳಿನಲ್ಲೂ ಒಂದೊಂದು ಅಳತೆಯಿಂದ ಅದರ ಅಕ್ಕಪಕ್ಕದವುಗಳ ಗೊತ್ತಾದ ಪಾಲನ್ನು ಕಳೆದು ಚೂಪುಗೊಳಿಸಿದರೆ ಮಸುಕು ಹೋಗುತ್ತದೆ. ಫೋರಿಯರ್ ರೂಪಾಂತರದ ಬಳಸುದಾರಿ ಬೇಡ, ಬರೀ ಗುಣಾಕಾರ, ಸಂಕಲನ. (ಬಿ.ಎಸ್ಸಿ.ಯಲ್ಲಿ ಫೋರಿಯರನನ್ನು ಪರೀಕ್ಷೆಗಷ್ಟೇ ಓದಿದ ನನಗೆ ಇದರ ಬೆಲೆ ತಿಳಿದದ್ದು ಬಹಳ ತಡವಾಗಿ.) ರೇಡಿಯೋ ಖಗೋಳವಿಜ್ಞಾನದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿಯೇ ಇಂಥದೇ ದಾರಿ ಹಿಡಿದಿದ್ದರು ಎಂಬುದನ್ನೂ ಹೇಳಬೇಕು. ಗಣಕದ ಸಮಯ ದುಬಾರಿಯಾಗಿದ್ದ ಆ ದಿನಗಳಲ್ಲಿ ಇದು ದೊಡ್ಡ ಉಳಿತಾಯ. ಹೌನ್ಸ್‌ಫೀಲ್ಡರ ಮೊದಲ ಯಂತ್ರ ಒಂದು ಚಿತ್ರವನ್ನು ಊಹಿಸಿ, ಅಳತೆಗೆ ಹೋಲಿಸಿ, ತಿದ್ದುತ್ತ ತಿದ್ದುತ್ತ ಸಾಗುತ್ತಿತ್ತು. ಮುಂದೆ ಬಂದ ಯಂತ್ರಗಳು ನೆರಳನ್ನು ಚೂಪುಗೊಳಿಸಿ ಹರಡುವ ವಿಧಾನಕ್ಕೇ ಒಲಿದವು.

1963ರಲ್ಲಿಯೇ ನಡೆದ ಇನ್ನೊಂದು ಸಂಗತಿ: ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್ಲೆಂಡ್ ಗಣಕದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು ವಿನ್ಯಾಸ ಮಾಡುವ ಸ್ಕೆಚ್‌ಪ್ಯಾಡ್ ಎಂಬ ಕ್ರಮವಿಧಿಯನ್ನು ತೋರಿಸಿದರು. ವಾಸ್ತುಶಿಲ್ಪಿಗಳೂ ಎಂಜಿನಿಯರುಗಳೂ ಡ್ರಾಯಿಂಗ್ ಬೋರ್ಡು ಬಿಟ್ಟು ಗಣಕದ ಮುಂದೆ ಕುಳಿತದ್ದರ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಅಲ್ಲಿ ಮನಸ್ಸಿನ ಚಿತ್ರದಿಂದ ವಸ್ತು ಹುಟ್ಟುತ್ತದೆ, ಸಿ.ಟಿ.ಯಲ್ಲಿ ವಸ್ತುವಿನಿಂದ ಚಿತ್ರ. ಈ ಎರಡು ದಾರಿಗಳು ಇಂದು ಆಸ್ಪತ್ರೆಯಲ್ಲಿ ಕೂಡುತ್ತವೆ. ಅಪಘಾತದಲ್ಲಿ ತಲೆಬುರುಡೆಯ ಒಂದು ಭಾಗ ಕಳೆದುಕೊಂಡವರಿಗೆ, ಸ್ಕ್ಯಾನಿನಲ್ಲಿ ಕಂಡ ಸರಿಯಿರುವ ಬದಿಯನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ, ಅದರ ಆಕಾರಕ್ಕೆ ಟೈಟಾನಿಯಂ ತಗಡನ್ನು ವಿನ್ಯಾಸ ಮಾಡಿ ಕೂರಿಸುತ್ತಾರೆ.

ಇದೆಲ್ಲ ಪುಕ್ಕಟೆಯಲ್ಲ. ತಲೆಯ ಒಂದು ಸಿ.ಟಿ. ಸ್ಕ್ಯಾನಿನಲ್ಲಿ ದೇಹಕ್ಕೆ ಸೇರುವ ವಿಕಿರಣ ಎದೆಯ ಸುಮಾರು 100 ಕ್ಷ-ಕಿರಣ ಚಿತ್ರಗಳಿಗೆ ಸಮ. ಆದ್ದರಿಂದ ತಲೆನೋವು ಬಂದವರಿಗೆಲ್ಲ ಸ್ಕ್ಯಾನ್ ಮಾಡಿಸುವುದು ಸರಿಯಲ್ಲ, ವಿಶೇಷವಾಗಿ ಮಕ್ಕಳಿಗೆ. ಕಿರಣ ಕಡಿಮೆ ಮಾಡಿದರೆ ಚಿತ್ರದಲ್ಲಿ ಕಾಳುಕಾಳು ತುಂಬುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ಹೌನ್ಸ್‌ಫೀಲ್ಡರ ಊಹಿಸಿ ತಿದ್ದುವ ಹಳೆಯ ವಿಧಾನದ ಹೊಸ ರೂಪವೇ! ಗಣಕಗಳ ವೇಗ ಹೆಚ್ಚಿದ ಮೇಲೆ, 2009ರ ಆಸುಪಾಸಿನಿಂದ, ಅದು ಆಸ್ಪತ್ರೆಯ ಯಂತ್ರಗಳಿಗೆ ಮರಳಿ ಬಂದಿದೆ.

ಹಾಗೆಂದು ಬೆಂಗಳೂರಿನ ವಿಧಾನ ಮರೆಯಾಗಲಿಲ್ಲ. ನಿಮ್ಮ ಕಾಲೇಜಿನ ಗಣಕಗಳಲ್ಲಿ ಮ್ಯಾಟ್‌ಲ್ಯಾಬ್ ಇದ್ದರೆ, ನೆರಳಿನಿಂದ ಚಿತ್ರ ಕಟ್ಟುವ ಅದರ ಆಜ್ಞೆಯನ್ನು ತೆರೆದು ನೋಡಿ. ಯಾವ ಶೋಧಕ ಬೇಕೆಂದು ನೀವು ಹೇಳದಿದ್ದರೆ ಅದು ತಾನಾಗಿಯೇ ಬಳಸುವುದರ ಹೆಸರು ರಾಮ್-ಲ್ಯಾಕ್. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್.