ದಣಿದ ಕೈಗಳಿಗಾಗಿ ಹುಟ್ಟಿದ ಚೌಕ



ಕಿರಾಣಿ ಅಂಗಡಿಯಲ್ಲಿ, ಎಳನೀರಿನ ಗಾಡಿಯಲ್ಲಿ ಕಪ್ಪು-ಬಿಳುಪಿನ ಚೌಕವೊಂದನ್ನು ನೀವು ದಿನವೂ ನೋಡುತ್ತೀರಿ. ಮೊಬೈಲ್ ಹಿಡಿದರೆ ಹಣ ಸಂದಾಯವಾಗುತ್ತದೆ. ಆದರೆ ಈ ಕ್ಯೂಆರ್ ಕೋಡ್ ಹುಟ್ಟಿದ್ದು ಹಣಕ್ಕಾಗಿ ಅಲ್ಲ. ಜಪಾನಿನ ಕಾರ್ಖಾನೆಯೊಂದರ ಕಾರ್ಮಿಕರ ದೂರಿನಿಂದ ಎಂಬುದು ನಿಮಗೆ ಗೊತ್ತೆ?

ಟೊಯೋಟಾ ಕಾರುಗಳಿಗೆ ಬಿಡಿಭಾಗ ಪೂರೈಸುವ ಕಂಪನಿಗಳಲ್ಲಿ ಡೆನ್ಸೊ ಒಂದು. ಬೇಕಾದ ವಸ್ತು, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕು ಎಂಬುದು ಟೊಯೋಟಾದ ಪದ್ಧತಿ. ಆದ್ದರಿಂದ ಯಾವ ಪೆಟ್ಟಿಗೆ ಎಲ್ಲಿದೆ ಎಂಬ ಲೆಕ್ಕ ತಪ್ಪುವಂತಿರಲಿಲ್ಲ. ಈ ಲೆಕ್ಕಕ್ಕೆ ಬಾರ್‌ಕೋಡ್ ಬಳಕೆಯಲ್ಲಿತ್ತು. ಆದರೆ ಅದರಲ್ಲಿ ಹಿಡಿಸುತ್ತಿದ್ದುದು ಸುಮಾರು 20 ಅಕ್ಷರಗಳು ಮಾತ್ರ. ಬಿಡಿಭಾಗಗಳ ಬಗೆಗಳು ಹೆಚ್ಚಿದಂತೆ ಒಂದೇ ಪೆಟ್ಟಿಗೆಗೆ ಹತ್ತರಷ್ಟು ಬಾರ್‌ಕೋಡ್‌ಗಳು ಬೇಕಾದವು. ಕಾರ್ಮಿಕರು ದಿನಕ್ಕೆ ಸಾವಿರದವರೆಗೂ ಸ್ಕ್ಯಾನ್ ಮಾಡಬೇಕಾಯಿತು. ಎಣ್ಣೆಯ ಕಲೆ ಬಿದ್ದರೆ ಕೋಡ್ ಓದುತ್ತಲೂ ಇರಲಿಲ್ಲ.

ಈ ದೂರನ್ನು ಗಂಭೀರವಾಗಿ ಕೇಳಿಸಿಕೊಂಡವರು ಡೆನ್ಸೊದ ಎಂಜಿನಿಯರ್ ಮಸಾಹಿರೊ ಹಾರಾ. 1992ರಲ್ಲಿ ಅವರು ಹೊಸ ಕೋಡ್‌ನ ಕೆಲಸಕ್ಕೆ ತೊಡಗಿದರು. ಬಾರ್‌ಕೋಡ್ ಮಾಹಿತಿಯನ್ನು ಅಡ್ಡಲಾಗಿ ಮಾತ್ರ ಹಿಡಿಯುತ್ತದೆ. ಊಟದ ಬಿಡುವಿನಲ್ಲಿ 'ಗೋ' ಎಂಬ ಆಟವಾಡುತ್ತಿದ್ದ ಹಾರಾ ಅವರಿಗೆ, ಮಣೆಯ ಗೆರೆಗಳ ಮೇಲೆ ಹರಡಿದ ಕಪ್ಪು-ಬಿಳಿ ಕಾಯಿಗಳು ದಾರಿ ತೋರಿಸಿದವು: ಅಡ್ಡಕ್ಕೂ ಉದ್ದಕ್ಕೂ ಬರೆದರೆ ಮಾಹಿತಿ ಎಷ್ಟೋ ಪಟ್ಟು ಹಿಡಿಸುತ್ತದೆ!

ಇನ್ನೊಂದು ತೊಡಕಿತ್ತು. ಪೆಟ್ಟಿಗೆಯ ಮೇಲಿನ ಅಕ್ಷರ, ಚಿತ್ರಗಳ ನಡುವೆ ಸ್ಕ್ಯಾನರ್ ಕೋಡನ್ನು ಥಟ್ಟನೆ ಗುರುತಿಸುವುದು ಹೇಗೆ? ಹಾರಾ ಮತ್ತು ಅವರ ಸಹೋದ್ಯೋಗಿ ಪತ್ರಿಕೆ, ಕರಪತ್ರ, ರಟ್ಟಿನ ಡಬ್ಬಿಗಳ ಮುದ್ರಣವನ್ನೆಲ್ಲ ಪರಿಶೀಲಿಸಿ, ಅತಿ ವಿರಳವಾದ ಕಪ್ಪು-ಬಿಳುಪಿನ ಅನುಪಾತವನ್ನು ಹುಡುಕಿದರು. ಅದೇ 1:1:3:1:1. ಕೋಡ್‌ನ ಮೂರು ಮೂಲೆಗಳ ಚೌಕಗಳಲ್ಲಿ ಇರುವುದು ಇದೇ. ಅಂಥ ಚೌಕದ ನಡುವೆ ಯಾವ ಕೋನದಲ್ಲಿ ಗೆರೆ ಎಳೆದರೂ ಇದೇ ಅನುಪಾತ ಸಿಗುತ್ತದೆ. ಅಳತೆಪಟ್ಟಿ ಹಿಡಿದು ನೀವೇ ಪರೀಕ್ಷಿಸಿ. ಎಣ್ಣೆಯ ಕಲೆಗೂ ಪರಿಹಾರವಿತ್ತು: ಗಣಿತದ ನೆರವಿನಿಂದ, ಕೋಡ್ ಶೇಕಡಾ 30ರವರೆಗೆ ಕೆಟ್ಟರೂ ಓದಬಲ್ಲ ವ್ಯವಸ್ಥೆ.

1994ರಲ್ಲಿ ಕೋಡ್ ಹೊರಬಂತು. ಕಂಪನಿ ಪೇಟೆಂಟ್ ಇಟ್ಟುಕೊಂಡರೂ ಬಳಸುವವರಿಂದ ಶುಲ್ಕ ಕೇಳಲಿಲ್ಲ. 2000ದಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಭಾರತದಲ್ಲಿ 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮ ಬೀದಿಬದಿಯ ಗಾಡಿಗಳನ್ನೂ ತಲುಪಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ ಉತ್ಪಾದನೆ ಹೆಚ್ಚಿಸಲು ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಕೆಲಸವನ್ನು ಅಳೆಯುವ ಪದ್ಧತಿ ತಂದರು. ಕಾರ್ಮಿಕ ಇನ್ನೆಷ್ಟು ಮಾಡಬಲ್ಲ ಎಂಬುದು ಅಲ್ಲಿನ ಪ್ರಶ್ನೆ. ಅವನು ಮಾಡಬೇಕಿಲ್ಲದ ಕೆಲಸ ಯಾವುದು ಎಂಬುದು ಹಾರಾ ಅವರಿಗೆ ಎದುರಾದ ಪ್ರಶ್ನೆ. ಆದರೆ ಎಚ್ಚರವಿರಲಿ: ಪೆಟ್ಟಿಗೆಯ ಲೆಕ್ಕವಿಡುವ ಅದೇ ಕೋಡ್, ಯಾರು ಎಷ್ಟು ನಿಮಿಷ ತೆಗೆದುಕೊಂಡರು ಎಂಬುದನ್ನೂ ಬರೆದಿಡಬಲ್ಲದು. ಉಪಕರಣ ಒಂದೇ, ಉದ್ದೇಶ ಬೇರೆ.

ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರ್ ಆಗುತ್ತೀರಿ. ಕಂಪ್ಯೂಟರಿನ ಮುಂದೆ ಕೂರುವ ಮೊದಲು, ಯಂತ್ರದ ಬಳಿ ನಿಂತು ದುಡಿಯುವವರ ದೂರನ್ನು ಒಮ್ಮೆ ಕೇಳಿ ಬನ್ನಿ.